ಕಂಪ್ಯೂಟರ್ ಸೈನ್ಸ್ ಸಪ್ತಾಹ: 300 ವಿದ್ಯಾರ್ಥಿಗಳು, 20 ಕಂಪ್ಯೂಟರ್, ನೆಚ್ಚಲಾಗದ ಇಂಟರ್ನೆಟ್. ಏನೇನು ಮಾಡಬಹುದು?

ಗಣಕಮೇಜು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದೇ ಆವರಣದಲ್ಲಿರುವ ಪ್ರೌಢಶಾಲೆ ಮತ್ತು ಪದವಿ ಕಾಲೇಜಿಗೆ ಸೇರಿ ಡಿಸೆಂಬರ್‌ನಲ್ಲಿ ಒಂದು ವಾರದ ಕಂಪ್ಯೂಟರ್ ಸೈನ್ಸ್ ಕಾರ್ಯಕ್ರಮ ರೂಪಿಸಬೇಕಿದೆ. ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಹುಟ್ಟಿದ್ದು 1906ರ ಡಿಸೆಂಬರ್ 9ರಂದು. ಅಂತಾರಾಷ್ಟ್ರೀಯ ಕಂಪ್ಯೂಟರ್ ಸೈನ್ಸ್ ಶಿಕ್ಷಣ ಸಪ್ತಾಹ ಆ ದಿನದ ಸುತ್ತಮುತ್ತ ಬರುವುದರಿಂದ ಆ ವಾರವನ್ನೇ ಆರಿಸಿದ್ದೇವೆ.

ಇರುವುದು ಇಷ್ಟು: ಎಂಟನೇ ತರಗತಿಯಿಂದ ಪದವಿಯವರೆಗೆ ಸುಮಾರು 300 ವಿದ್ಯಾರ್ಥಿಗಳು, 20 ಕಂಪ್ಯೂಟರ್‌ಗಳ ಒಂದು ಲ್ಯಾಬ್, ಆಗಾಗ ಕೈಕೊಡುವ ಇಂಟರ್ನೆಟ್, 10 ಮೈಕ್ರೋಬಿಟ್ ಬೋರ್ಡ್ (ಪ್ರೋಗ್ರಾಂ ತುಂಬಿ ಓಡಿಸುವ ಅಂಗೈಯಗಲದ ಪುಟ್ಟ ಕಂಪ್ಯೂಟರ್). ಸದ್ಯದ ಕರಡು ಪಟ್ಟಿಯಲ್ಲಿ ಉದ್ಘಾಟನೆ, ಅತಿಥಿ ಉಪನ್ಯಾಸ, ಪೋಸ್ಟರ್ ಸ್ಪರ್ಧೆ, ಕ್ವಿಜ್, ಬಹುಮಾನ ವಿತರಣೆ ಇವೆ. ಇದು ಸಾಲದು ಅನ್ನಿಸುತ್ತಿದೆ, ಆದರೆ ಇದರ ಬದಲು ಏನು ಮಾಡಬೇಕೆಂದು ಖಚಿತವಾಗಿ ಗೊತ್ತಾಗುತ್ತಿಲ್ಲ. ಪದವಿಯವರಿಗೆ ಒಂದು ಕೋಡಿಂಗ್ ಸ್ಪರ್ಧೆಯನ್ನೂ ಇಡುವ ಆಲೋಚನೆಯಿದೆ. ಸಾಮಾನ್ಯ ಸಲಹೆಗಳಿಗಿಂತ, ಹಾಗೇ ಎತ್ತಿಕೊಂಡು ನಡೆಸಬಹುದಾದ ವಿವರಗಳು ಬೇಕು.

---

ಲ್ಯಾಬ್‌ಕೀಲಿ

ಕರಡು ಪಟ್ಟಿಯ ತೊಂದರೆ ಏನೆಂದರೆ, ಅದರ ಯಾವ ಬಾಬಿನಲ್ಲೂ ಮಕ್ಕಳು ಕಂಪ್ಯೂಟರ್ ಸೈನ್ಸ್ ಮಾಡುವುದಿಲ್ಲ. ಅದರ ಬಗ್ಗೆ ಕೇಳುತ್ತಾರೆ, ಬರೆಯುತ್ತಾರೆ, ಅಷ್ಟೆ. ಉದ್ಘಾಟನೆಯನ್ನು 20 ನಿಮಿಷಕ್ಕೆ ಮುಗಿಸಿ, ಉಳಿದ ಸಮಯವನ್ನು ಕೈಕೆಲಸಕ್ಕೆ ಕೊಡಿ. ಕ್ವಿಜ್ ಬಿಟ್ಟರೂ ನಷ್ಟವಿಲ್ಲ. ಯಾವ ಭಾಷೆ ಯಾವ ವರ್ಷ ಹುಟ್ಟಿತು ಎಂದು ಬಾಯಿಪಾಠ ಹೇಳುವವರು ಗೆಲ್ಲುತ್ತಾರೆ, ಉಳಿದವರು ಇದು ನಮಗಲ್ಲ ಎಂದುಕೊಂಡು ಎದ್ದುಹೋಗುತ್ತಾರೆ.

ಮೊದಲು ಲ್ಯಾಬಿನ ಲೆಕ್ಕ. ಒಂದು ಕಂಪ್ಯೂಟರ್‌ಗೆ ಇಬ್ಬರಂತೆ 20 ಕಂಪ್ಯೂಟರ್‌ಗೆ 40 ಮಂದಿ; 300 ಮಂದಿಗೆ 8 ಬ್ಯಾಚ್. ದಿನಕ್ಕೆ ಎರಡು ಬ್ಯಾಚ್ ಇಟ್ಟರೆ ನಾಲ್ಕು ದಿನದಲ್ಲಿ ಎಲ್ಲರೂ ಒಮ್ಮೆ ಕೂತಂತಾಗುತ್ತದೆ. ಐದನೇ ದಿನ ಪ್ರದರ್ಶನಕ್ಕೂ ತಪ್ಪಿಸಿಕೊಂಡವರಿಗೂ ಉಳಿಯಲಿ. ದಿನಕ್ಕೆ ಮೂರು ಬ್ಯಾಚ್ ತುರುಕಬೇಡಿ. ಬ್ಯಾಚ್‌ಗಳ ನಡುವೆ ಕೆಟ್ಟ ಮೌಸ್ ಬದಲಿಸಲು, ಫೈಲ್ ತೆಗೆದಿಡಲು ಕನಿಷ್ಠ 15 ನಿಮಿಷ ಬೇಕೇ ಬೇಕು.

ಇಬ್ಬರಿಗೆ ಒಂದು ಕಂಪ್ಯೂಟರ್ ಎನ್ನುವುದು ಬಡತನದ ವ್ಯವಸ್ಥೆಯೇನಲ್ಲ. ಒಬ್ಬರು ಕೀಬೋರ್ಡ್ ಹಿಡಿಯುತ್ತಾರೆ, ಇನ್ನೊಬ್ಬರು ಮುಂದಿನ ಹೆಜ್ಜೆ ಹೇಳುತ್ತಾ ತಪ್ಪು ಹುಡುಕುತ್ತಾರೆ. ಇದನ್ನು ಪೇರ್ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಆದರೆ 8 ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಜಾಗ ಬದಲಿಸಲೇಬೇಕು. ಹಾಗೆ ಬಿಟ್ಟರೆ ಮೊದಲೇ ಸ್ವಲ್ಪ ಗೊತ್ತಿರುವವರು ಕೊನೆಯತನಕ ಕೀಬೋರ್ಡ್ ಬಿಡುವುದಿಲ್ಲ, ಬಹಳ ಕಡೆ ಹುಡುಗಿಯರು ಬರೀ ನೋಡುತ್ತಾ ಕೂರುವಂತಾಗುತ್ತದೆ. ಅನುಭವವಿರುವವರನ್ನು ಇಲ್ಲದವರ ಜೊತೆ ಕೂರಿಸುವುದಕ್ಕಿಂತ, ಸರಿಸಮಾನ ಇರುವ ಇಬ್ಬರನ್ನು ಕೂರಿಸಿದರೆ ಮಾತುಕತೆ ಹೆಚ್ಚು ನಡೆಯುತ್ತದೆ.

ಇಂಟರ್ನೆಟ್ ಇಲ್ಲವೆಂದೇ ಭಾವಿಸಿ ತಯಾರಾಗಿ. ಎಂಟು, ಒಂಬತ್ತನೇ ತರಗತಿಗೆ, ಬ್ಲಾಕ್‌ಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಸ್ಕ್ರ್ಯಾಚ್ ಆ್ಯಪ್ ಸಾಕು. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ನೆಟ್ ಬೇಡ. ಸ್ಕ್ರ್ಯಾಚ್ 3ಕ್ಕೆ ವಿಂಡೋಸ್ 10 ಅಥವಾ ಅದರ ನಂತರದ್ದು ಬೇಕು. ಲಿನಕ್ಸ್ ಲ್ಯಾಬ್ ಆದರೆ ಅಧಿಕೃತ ಆ್ಯಪ್ ಇಲ್ಲ, ಟರ್ಬೋವಾರ್ಪ್ ಡೆಸ್ಕ್‌ಟಾಪ್ ಹಾಕಿಕೊಳ್ಳಿ. ಅದೇ ಪ್ರಾಜೆಕ್ಟ್ ಫೈಲ್‌ಗಳನ್ನು ತೆರೆಯುತ್ತದೆ. ಮೇಲಿನ ತರಗತಿಗಳಿಗೆ ಪೈಥಾನ್ ಮತ್ತು ಅದರ ಜೊತೆಗೇ ಬರುವ ಐಡಲ್ ಎಡಿಟರ್, ಚಿತ್ರ ಬರೆಯಲು ಟರ್ಟಲ್ ಮಾಡ್ಯೂಲ್.

ಕೆಡುವುದು ಎಲ್ಲಿ ಎಂದರೆ: ಮಕ್ಕಳು ತಮ್ಮ ಫೈಲಿಗೆ ಟರ್ಟಲ್ ಎಂದೇ ಹೆಸರಿಟ್ಟು ಸೇವ್ ಮಾಡುತ್ತಾರೆ. ಆಗ ಪೈಥಾನ್ ನಿಜವಾದ ಮಾಡ್ಯೂಲ್ ಬಿಟ್ಟು ಆ ಫೈಲನ್ನೇ ಇಂಪೋರ್ಟ್ ಮಾಡುತ್ತದೆ, ಅರ್ಥವಾಗದ ಎರರ್ ಬರುತ್ತದೆ. ರ್‍ಯಾಂಡಮ್ ಎಂಬ ಹೆಸರಿಗೂ ಇದೇ ಗತಿ. ಫೈಲಿನ ಹೆಸರು ತಂಡದ ಸಂಖ್ಯೆಯಿಂದ ಇರಲಿ ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದುಬಿಡಿ. ಇನ್ನೊಂದು: ಕೆಲವು ಲ್ಯಾಬ್‌ಗಳಲ್ಲಿ ರೀಸ್ಟಾರ್ಟ್ ಆದಕೂಡಲೇ ಎಲ್ಲವನ್ನೂ ಹಳೆಯ ಸ್ಥಿತಿಗೆ ತರುವ ಸಾಫ್ಟ್‌ವೇರ್ ಹಾಕಿರುತ್ತಾರೆ. ಕರೆಂಟ್ ಹೋಗಿ ಬಂದರೆ ಮಕ್ಕಳ ಕೆಲಸವೆಲ್ಲ ಮಾಯ. ಅದನ್ನು ಆ ವಾರ ಆಫ್ ಮಾಡಿಸಿ, ಇಲ್ಲವೇ ಪ್ರತಿ ಬ್ಯಾಚ್ ಮುಗಿದಾಗ ಪೆನ್‌ಡ್ರೈವ್‌ಗೆ ತೆಗೆದಿಡಿ.

ಕೊಡುವ ಕೆಲಸ ಖಾಲಿ ಪರದೆಯಿಂದ ಶುರುವಾಗಬಾರದು. ಅರ್ಧ ಮಾಡಿದ ಆಟ ಕೊಡಿ. ಮೊದಲು ಓಡಿಸದೆ, ಇದು ಏನು ಮಾಡುತ್ತದೆ ಎಂದು ಊಹಿಸಿ ಬರೆಯಲಿ. ಆಮೇಲೆ ಓಡಿಸಿ ನೋಡಲಿ. ನಂತರ ವೇಗ ಬದಲಿಸಲಿ, ಅಂಕ ಎಣಿಸಲಿ. ಕೊನೆಗೆ ತಮ್ಮದೊಂದು ನಿಯಮ ಸೇರಿಸಲಿ. 40 ನಿಮಿಷದ ಪೀರಿಯಡ್‌ನಲ್ಲಿ ಇಷ್ಟು ಆಗುತ್ತದೆ. ಖಾಲಿ ಪರದೆ ಕೊಟ್ಟರೆ ಸ್ಕ್ರ್ಯಾಚ್‌ನಲ್ಲಿ ತಾನಾಗಿ ಬರುವ ಬೆಕ್ಕಿನ ಬಣ್ಣ ಬದಲಿಸುವಷ್ಟರಲ್ಲಿ ಗಂಟೆ ಹೊಡೆಯುತ್ತದೆ.

---

ಸೊನ್ನೆಒಂದು

ಲ್ಯಾಬ್‌ಕೀಲಿಯವರು ಹೇಳಿದ್ದಕ್ಕೆ ಸೇರಿಸುತ್ತೇನೆ. 40 ಮಂದಿ ಲ್ಯಾಬಿನಲ್ಲಿರುವಾಗ ಉಳಿದವರು ಏನು ಮಾಡಬೇಕು? ಕಂಪ್ಯೂಟರ್ ಇಲ್ಲದೆಯೇ ಮಾಡುವ ಚಟುವಟಿಕೆಗಳು. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಸಿಎಸ್ ಅನ್‌ಪ್ಲಗ್ಡ್ ಇದರ ಮೂಲ ಭಂಡಾರ. ನನ್ನ ಆಯ್ಕೆ ಎರಡು.

ಮೊದಲನೆಯದು ಪ್ಯಾರಿಟಿ (ಸಮ-ಬೆಸ) ಮ್ಯಾಜಿಕ್. ಒಂದು ಬದಿ ಕಪ್ಪು, ಇನ್ನೊಂದು ಬದಿ ಬಿಳಿ ಇರುವ 36 ಕಾರ್ಡ್ ಬೇಕು. ಒಬ್ಬರನ್ನು ಕರೆದು 25 ಕಾರ್ಡನ್ನು ಐದು ಸಾಲು, ಐದು ಕಂಬಸಾಲಾಗಿ ಇಷ್ಟ ಬಂದಂತೆ ಜೋಡಿಸಲು ಹೇಳಿ. ‘ಇನ್ನೂ ಕಷ್ಟ ಮಾಡೋಣ’ ಎನ್ನುತ್ತಾ ನೀವು ಆರನೇ ಸಾಲು, ಆರನೇ ಕಂಬಸಾಲು ಸೇರಿಸಿ. ಸೇರಿಸುವಾಗ ಪ್ರತಿ ಸಾಲಿನಲ್ಲೂ ಪ್ರತಿ ಕಂಬಸಾಲಿನಲ್ಲೂ ಕಪ್ಪು ಕಾರ್ಡುಗಳು ಸಮಸಂಖ್ಯೆಯಲ್ಲಿರುವಂತೆ ನೋಡಿಕೊಳ್ಳಿ. ನೀವು ಬೆನ್ನು ತಿರುಗಿಸಿದಾಗ ಅವರು ಒಂದು ಕಾರ್ಡ್ ಮಗುಚಲಿ. ಕಪ್ಪು ಬೆಸವಾಗಿರುವ ಸಾಲು ಮತ್ತು ಕಂಬಸಾಲು ಕೂಡುವ ಜಾಗದಲ್ಲಿ ಮಗುಚಿದ ಕಾರ್ಡ್ ಇರುತ್ತದೆ.

ಮೂಲೆಯ ಕಾರ್ಡ್ ಕೊನೆಗೆ ಇಡಿ. ಅದನ್ನು ಸಾಲಿನಿಂದ ಲೆಕ್ಕ ಹಾಕಿದರೂ ಕಂಬಸಾಲಿನಿಂದ ಲೆಕ್ಕ ಹಾಕಿದರೂ ಒಂದೇ ಬಣ್ಣ ಬರಬೇಕು. ಬರದಿದ್ದರೆ ಎಲ್ಲೋ ಒಂದು ಕಾರ್ಡ್ ತಪ್ಪಾಗಿ ಇಟ್ಟಿದ್ದೀರಿ, ಆಟ ಶುರುವಾಗುವ ಮೊದಲೇ ಸರಿಪಡಿಸಿಕೊಳ್ಳಿ. ಗುಟ್ಟನ್ನು ತಕ್ಷಣ ಬಿಟ್ಟುಕೊಡಬೇಡಿ. ಮೂರು ಸಲವಾದರೂ ಆಡಿ, ಮಕ್ಕಳೇ ಹಿಡಿಯಲಿ. ನಂತರ ಮುಖ್ಯ ಪ್ರಶ್ನೆ: ಎರಡು ಕಾರ್ಡ್ ಮಗುಚಿದರೆ? ಒಂದೇ ಸಾಲಿನವಾದರೆ ಆ ಸಾಲು ಮತ್ತೆ ಸಮವಾಗುತ್ತದೆ, ಎರಡು ಕಂಬಸಾಲು ಮಾತ್ರ ಬೆಸ. ಏನೋ ತಪ್ಪಿದೆ ಎಂದು ಗೊತ್ತಾಗುತ್ತದೆ, ಯಾವ ಸಾಲು ಎಂದು ಗೊತ್ತಾಗುವುದಿಲ್ಲ. ಆಯತದ ನಾಲ್ಕು ಮೂಲೆಗಳನ್ನು ಮಗುಚಿದರೆ ಏನೂ ಗೊತ್ತಾಗುವುದೇ ಇಲ್ಲ. ತಪ್ಪನ್ನು ಕಂಡುಹಿಡಿಯುವುದು ಬೇರೆ, ಸರಿಪಡಿಸುವುದು ಬೇರೆ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಇದನ್ನು ಬಿಟ್ಟು ಬರೀ ಮ್ಯಾಜಿಕ್ ತೋರಿಸಿ ಮುಗಿಸುವುದೇ ಹೆಚ್ಚು.

ಎರಡನೆಯದು ನೆಲದ ಮೇಲಿನ ಸಾರ್ಟಿಂಗ್ ನೆಟ್‌ವರ್ಕ್, ಅಂದರೆ ಇಬ್ಬಿಬ್ಬರನ್ನು ಹೋಲಿಸುತ್ತಾ ಸಂಖ್ಯೆಗಳನ್ನು ಕ್ರಮಕ್ಕೆ ತರುವ ಜಾಲ. ಅಂಗಳದಲ್ಲಿ ಸೀಮೆಸುಣ್ಣದಿಂದ ಆರು ಉದ್ದನೆಯ ಸಮಾಂತರ ಗೆರೆ ಎಳೆಯಿರಿ. ಗೆರೆಗಳ ನಡುವೆ 80 ಸೆಂ.ಮೀ., ಉದ್ದ 9 ಮೀಟರ್ ಇರಲಿ. ಗೆರೆಗಳಿಗೆ 1ರಿಂದ 6 ಅಂಕಿ ಕೊಡಿ. ಈಗ ಐದು ಹಂತಗಳಲ್ಲಿ ಅಡ್ಡಪಟ್ಟಿಗಳು:

ಹಂತ 1: 1–6, 2–4, 3–5
ಹಂತ 2: 2–3, 4–5
ಹಂತ 3: 1–4, 3–6
ಹಂತ 4: 1–2, 3–4, 5–6
ಹಂತ 5: 2–3, 4–5

ಒಟ್ಟು 12 ಹೋಲಿಕೆ. ಆರು ಜನ ಸಂಖ್ಯೆಯ ಕಾರ್ಡ್ ಹಿಡಿದು ತಮ್ಮ ಗೆರೆಯ ಮೇಲೆ ನಡೆಯುತ್ತಾರೆ. ಅಡ್ಡಪಟ್ಟಿ ಸಿಕ್ಕಲ್ಲಿ ಇಬ್ಬರೂ ಭೇಟಿಯಾಗಿ, ಚಿಕ್ಕ ಸಂಖ್ಯೆಯವರು ಚಿಕ್ಕ ಅಂಕಿಯ ಗೆರೆಗೆ, ದೊಡ್ಡ ಸಂಖ್ಯೆಯವರು ಇನ್ನೊಂದಕ್ಕೆ ಹೋಗುತ್ತಾರೆ. ಹೇಗೆ ನಿಂತು ಶುರುಮಾಡಿದರೂ ಕೊನೆಯಲ್ಲಿ ಏರಿಕೆ ಕ್ರಮದಲ್ಲಿರುತ್ತಾರೆ. ಒಂದೇ ಹಂತದ ಹೋಲಿಕೆಗಳು ಏಕಕಾಲಕ್ಕೆ ನಡೆಯುವುದರಿಂದ, 12 ಹೋಲಿಕೆ ಐದೇ ಹಂತದಲ್ಲಿ ಮುಗಿಯುತ್ತವೆ. ಸಮಾಂತರ ಸಂಸ್ಕರಣೆಯನ್ನು ಇದಕ್ಕಿಂತ ಸುಲಭವಾಗಿ ತೋರಿಸುವ ದಾರಿ ನಾನು ನೋಡಿಲ್ಲ.

ಎಡವಟ್ಟು ಎರಡು ಕಡೆ ಆಗುತ್ತದೆ. ಜೊತೆಗಾರರು ಬರುವ ಮೊದಲೇ ಅವಸರಕ್ಕೆ ಮುಂದೆ ನಡೆದುಬಿಡುವುದು ಒಂದು. ‘ಪಟ್ಟಿಯ ಹತ್ತಿರ ಕಾಯಿರಿ’ ಎಂಬ ಒಂದೇ ನಿಯಮ ಹೇಳಿ. ಎರಡನೆಯದು, ಮೊದಲ ಹಂತದ ಪಟ್ಟಿಗಳು ಒಂದರ ಮೇಲೊಂದು ಬಂದು ಯಾರು ಯಾರ ಜೋಡಿ ಎಂದು ಗೊಂದಲವಾಗುತ್ತದೆ. ಅವನ್ನು ಅರ್ಧ ಅರ್ಧ ಮೀಟರ್ ಸರಿಸಿ, ಬೇರೆ ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಎಳೆಯಿರಿ.

ಉಲ್ಟಾ ನಡೆಸಿದರೆ, ಅಂದರೆ ಹಂತ 5ರಿಂದ 1ಕ್ಕೆ ಬಂದರೆ, ಸಾರ್ಟ್ ಆಗುತ್ತದೆಯೇ ಎಂದು ಕೇಳಿ. ಆಗುತ್ತದೆ ಎಂದು ಹೆಚ್ಚಿನವರು ಹೇಳುತ್ತಾರೆ. ಅತಿ ಚಿಕ್ಕ ಸಂಖ್ಯೆಯವರನ್ನು 4ನೇ ಗೆರೆಯಲ್ಲಿ ನಿಲ್ಲಿಸಿ ನಡೆಸಿ ನೋಡಿ. ಅವರು 1ಕ್ಕೆ ತಲುಪದೆ 2ರಲ್ಲೇ ನಿಲ್ಲುತ್ತಾರೆ. ಪದವಿಯವರಿಗೆ ಮುಂದಿನ ಕೆಲಸ: ಈ ಜಾಲ ಯಾವಾಗಲೂ ಸರಿ ಎಂದು ಪ್ರೋಗ್ರಾಂ ಬರೆದು ಸಾಧಿಸಿ. 720 ಕ್ರಮಯೋಜನೆಗಳನ್ನೂ ಪರೀಕ್ಷಿಸಬೇಕಿಲ್ಲ. ಬರೀ 0 ಮತ್ತು 1ರ 64 ಜೋಡಣೆಗಳು ಸರಿಯಾಗಿ ಸಾರ್ಟ್ ಆದರೆ ಎಲ್ಲ ಸಂಖ್ಯೆಗಳಿಗೂ ಸರಿಯೇ. ಯಾಕೆ ಎಂಬುದನ್ನು ಅವರೇ ಹುಡುಕಲಿ.

---

ಗಣಕಮೇಜು

ತುಂಬಾ ಉಪಯೋಗವಾಯಿತು, ಇಬ್ಬರಿಗೂ ಧನ್ಯವಾದ. ಮೈಕ್ರೋಬಿಟ್ ಬೋರ್ಡ್‌ಗಳು ಹತ್ತೇ ಇವೆ, ಹಳೆಯವೂ ಹೊಸವೂ ಸೇರಿವೆ. ಅವುಗಳನ್ನು ಹೇಗೆ ಬಳಸಿದರೆ ಸೂಕ್ತ? ಮತ್ತೆ ಕೋಡಿಂಗ್ ಸ್ಪರ್ಧೆಯ ಬಗ್ಗೆ ಗೊತ್ತಿರುವವರು ದಯವಿಟ್ಟು ತಿಳಿಸಿ.

---

ತಂತಿಬಾಲ

ಹತ್ತು ಬೋರ್ಡ್ ಇದ್ದರೆ ಎಲ್ಲರಿಗೂ ಹಂಚಲು ಹೋಗಬೇಡಿ. ನಾಲ್ವರ ಒಂದು ತಂಡಕ್ಕೆ ಒಂದರಂತೆ 8 ಕೊಟ್ಟು, 2 ಕೈಯಲ್ಲಿ ಇಟ್ಟುಕೊಳ್ಳಿ. ಒಂದಲ್ಲ ಒಂದು ಕೈಕೊಟ್ಟೇ ಕೊಡುತ್ತದೆ.

ಹಳೆಯದು, ಹೊಸದು ಗುರುತಿಸಿ ಬೇರೆ ಇಡಿ. 2020ರಲ್ಲಿ ಬಂದ ಎರಡನೇ ಆವೃತ್ತಿಯಲ್ಲಿ ಸ್ಪೀಕರ್, ಮೈಕ್, ಮುಟ್ಟಿದರೆ ಕೆಲಸ ಮಾಡುವ ಲೋಗೋ ಇವೆ. ಮೊದಲನೆಯದರಲ್ಲಿ ಇವು ಇಲ್ಲ. ಚಪ್ಪಾಳೆಗೆ ದೀಪ ಹತ್ತುವ ಪ್ರೋಗ್ರಾಂ ಹಳೆಯ ಬೋರ್ಡಿನಲ್ಲಿ ನಡೆಯದು. ಆದ್ದರಿಂದ ಎರಡರಲ್ಲೂ ಇರುವ 25 ಎಲ್‌ಇಡಿ, ಎರಡು ಬಟನ್, ಅಲುಗಾಟ ಅಳೆಯುವ ಅಕ್ಸೆಲೆರೋಮೀಟರ್, ರೇಡಿಯೋ ಇಷ್ಟನ್ನೇ ನಂಬಿ ಕೆಲಸ ಕೊಡಿ. ಹೆಜ್ಜೆ ಎಣಿಸುವ ಯಂತ್ರ ಒಳ್ಳೆಯ ಆಯ್ಕೆ: ಅಲುಗಾಡಿದಾಗ ಎಣಿಕೆ ಒಂದು ಹೆಚ್ಚಲಿ, ಎ ಬಟನ್ ಒತ್ತಿದರೆ ತೋರಿಸಲಿ, ಬಿ ಒತ್ತಿದರೆ ಸೊನ್ನೆಯಾಗಲಿ. ಕಾಲಿಗೆ ಕಟ್ಟಿ 20 ಹೆಜ್ಜೆ ನಡೆದರೆ ಸಾಮಾನ್ಯವಾಗಿ 20 ಬರುವುದಿಲ್ಲ. ಯಾಕೆ ಬರಲಿಲ್ಲ, ಮಿತಿ ಎಷ್ಟಿರಬೇಕು ಎಂದು ತಡಕುವುದೇ ಅಲ್ಲಿನ ಪಾಠ. ಸರಿಯಾಗಿ ಓಡುವ ಕೋಡ್ ಮೊದಲೇ ಕೊಟ್ಟರೆ ಅದೂ ಹೋಯಿತು.

ಬೋರ್ಡ್ ಕಂಪ್ಯೂಟರ್‌ಗೆ ಕಾಣಿಸುತ್ತಿಲ್ಲ ಎಂದರೆ ಮೊದಲು ಕೇಬಲ್ ನೋಡಿ. ಬರೀ ಚಾರ್ಜ್ ಮಾಡುವ ಯುಎಸ್‌ಬಿ ಕೇಬಲ್‌ನಲ್ಲಿ ಡೇಟಾ ತಂತಿ ಇರುವುದಿಲ್ಲ. ಬೋರ್ಡಿನ ದೀಪ ಉರಿಯುತ್ತದೆ, ಡ್ರೈವ್ ಬರುವುದಿಲ್ಲ. ಹಿಂದಿನ ದಿನವೇ ಎಲ್ಲ ಕೇಬಲ್ ಪರೀಕ್ಷಿಸಿ, ಒಳ್ಳೆಯದಕ್ಕೆ ಟೇಪ್ ಸುತ್ತಿ ಗುರುತು ಮಾಡಿ. ಡ್ರೈವಿನ ಹೆಸರು ಮೈಕ್ರೋಬಿಟ್ ಎಂದು ಬರುವ ಬದಲು ಮೇಂಟೆನೆನ್ಸ್ ಎಂದು ಬಂದರೆ, ರೀಸೆಟ್ ಬಟನ್ ಒತ್ತಿಕೊಂಡೇ ಕೇಬಲ್ ಚುಚ್ಚಿದ್ದಾರೆ ಎಂದರ್ಥ. ಕಿತ್ತು, ಬಟನ್ ಮುಟ್ಟದೆ ಮತ್ತೆ ಚುಚ್ಚಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ರೇಡಿಯೋ ಸಂದೇಶ ಕಳಿಸುವ ಆಟ ಆಡಿಸಿದರೆ ಪ್ರತಿ ಜೋಡಿ ತಂಡಕ್ಕೂ ಬೇರೆ ಗುಂಪಿನ ಸಂಖ್ಯೆ ಕೊಡಿ, 0ರಿಂದ 255ರವರೆಗೆ ಯಾವುದಾದರೂ ಆಗಬಹುದು. ಎಲ್ಲರೂ 1 ಎಂದೇ ಹಾಕಿಕೊಂಡರೆ ಒಬ್ಬರ ಸಂದೇಶ ಎಲ್ಲರ ಬೋರ್ಡಿನಲ್ಲೂ ಬರುತ್ತದೆ. ಹಾಗೆ ನೋಡಿದರೆ ಒಮ್ಮೆ ಬೇಕೆಂದೇ ಹಾಗೆ ಬಿಟ್ಟು, ಗಾಳಿಯಲ್ಲಿ ಹೋಗುವ ಸಂದೇಶವನ್ನು ಯಾರು ಬೇಕಾದರೂ ಕೇಳಬಹುದು ಎಂದು ತೋರಿಸಿ. ಗೂಢಲಿಪಿಯ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪೀಠಿಕೆ ಇಲ್ಲ. ಮೈಕ್ರೋಬಿಟ್‌ಗೆ ಪ್ರೋಗ್ರಾಂ ಬರೆಯುವ ಮೇಕ್‌ಕೋಡ್ ಎಡಿಟರ್ ಬ್ರೌಸರ್‌ನಲ್ಲಿ ತೆರೆಯುವಂಥದ್ದು, ಹಾಗಾಗಿ ನೆಟ್ ಇರುವಾಗಲೇ ಫೈಲ್‌ಗಳನ್ನು ಇಳಿಸಿಟ್ಟುಕೊಳ್ಳಿ.

---

ತೀರ್ಪುಫಲಕ

ಕೋಡಿಂಗ್ ಸ್ಪರ್ಧೆಯ ಬಗ್ಗೆ. ಐಸಿಪಿಸಿ (ಕಾಲೇಜು ತಂಡಗಳ ಅಂತಾರಾಷ್ಟ್ರೀಯ ಪ್ರೋಗ್ರಾಮಿಂಗ್ ಸ್ಪರ್ಧೆ) ಮಾದರಿ ಹೀಗಿದೆ: ಮೂವರ ತಂಡ, ಒಂದೇ ಕಂಪ್ಯೂಟರ್, 5 ಗಂಟೆ, ಸರಿಯಾಗಿ ಬಿಡಿಸಿದ ಸಮಸ್ಯೆಗಳಲ್ಲಿ ಅದಕ್ಕೆ ಮೊದಲು ಮಾಡಿದ ಪ್ರತಿ ತಪ್ಪು ಸಲ್ಲಿಕೆಗೆ 20 ನಿಮಿಷದ ದಂಡ. ಹೊಸಬರಿಗೆ ಹಾಗೇ ಇಡಬೇಡಿ. ಎರಡೂವರೆ ಗಂಟೆ, 6 ಸಮಸ್ಯೆ ಸಾಕು. ಮೊದಲನೆಯದನ್ನು ಬಂದ ಎಲ್ಲ ತಂಡವೂ ಬಿಡಿಸಬೇಕು, ಕೊನೆಯದನ್ನು ಒಂದೋ ಎರಡೋ ತಂಡ ಬಿಡಿಸಿದರೆ ಸಾಕು. ಸೊನ್ನೆ ಸಮಸ್ಯೆಯೊಂದಿಗೆ ಹೊರಗೆ ಹೋದ ತಂಡ ಮುಂದಿನ ವರ್ಷ ಬರುವುದಿಲ್ಲ.

ಪ್ರತಿ ಸಮಸ್ಯೆಯನ್ನೂ ಇಬ್ಬರು ಬೇರೆ ಬೇರೆ ಕೂತು, ಬೇರೆ ಭಾಷೆಯಲ್ಲಿ ಬಿಡಿಸಲಿ. ಉತ್ತರಗಳು ಹೊಂದದಿದ್ದರೆ ಹತ್ತರಲ್ಲಿ ಒಂಬತ್ತು ಸಲ ತಪ್ಪು ಪ್ರಶ್ನೆಯ ಮಾತಿನಲ್ಲೇ ಇರುತ್ತದೆ. ಸಮಯದ ಮಿತಿಯನ್ನು ಸಿ++ ಉತ್ತರ ನೋಡಿ ಇಡಬೇಡಿ, ಪೈಥಾನ್‌ನವರಿಗೆ ಅನ್ಯಾಯವಾಗುತ್ತದೆ. ನಿಮ್ಮ ನಿಧಾನದ ಸರಿಯುತ್ತರ ತೆಗೆದುಕೊಳ್ಳುವ ಸಮಯದ ಎರಡು ಪಟ್ಟು ಇಡಿ. ಪೈಥಾನ್‌ನಲ್ಲಿ ರಿಕರ್ಷನ್ (ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವುದು) ಮಿತಿ ತಾನಾಗಿ 1000 ಇರುತ್ತದೆ, ಅದನ್ನು ಸೂಚನಾ ಹಾಳೆಯಲ್ಲಿ ಹೇಳಿಬಿಡಿ. 2147483647 (32 ಬಿಟ್ ಪೂರ್ಣಾಂಕದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ) ದಾಟುವ ಸಂಖ್ಯೆಯ ಬಲೆಯನ್ನು ಮೂರನೇ ಸಮಸ್ಯೆಯಲ್ಲಿ ಬೇಕಾದರೆ ಇಡಿ, ಮೊದಲನೆಯದರಲ್ಲಿ ಬೇಡ.

ಪರೀಕ್ಷಾ ಫೈಲ್‌ಗಳನ್ನು ವಿಂಡೋಸ್‌ನಲ್ಲಿ ಬರೆದು ಲಿನಕ್ಸ್ ಸರ್ವರ್‌ಗೆ ಹಾಕಿದರೆ ಸಾಲಿನ ಕೊನೆಯಲ್ಲಿ ಕಾಣದ ಒಂದು ಹೆಚ್ಚುವರಿ ಅಕ್ಷರ ಉಳಿಯುತ್ತದೆ. ಸಾಲನ್ನು ಇಡಿಯಾಗಿ ಓದುವ ಸರಿಯಾದ ಪ್ರೋಗ್ರಾಂಗಳೂ ಆಗ ತಪ್ಪು ಎಂದು ಬರುತ್ತವೆ. ತೀರ್ಪಿನ ತಂತ್ರಾಂಶಕ್ಕೆ ಡೋಮ್‌ಜಡ್ಜ್ ಇದೆ. ಮುಕ್ತ ತಂತ್ರಾಂಶ, ಕಾಲೇಜಿನ ಒಳಜಾಲದಲ್ಲೇ ಓಡುತ್ತದೆ, ಹೊರಗಿನ ನೆಟ್ ಬೇಕಿಲ್ಲ. ವೆಬ್ ಸರ್ವರ್ ಒಂದು ಕಂಪ್ಯೂಟರ್‌ನಲ್ಲಿ, ಪ್ರೋಗ್ರಾಂ ಓಡಿಸಿ ಅಳೆಯುವುದು ಇನ್ನೊಂದರಲ್ಲಿ ಇರಲಿ. ಎರಡೂ ಒಂದರಲ್ಲೇ ಇದ್ದರೆ ಕೊನೆಯ ಹತ್ತು ನಿಮಿಷದ ನೂಕುನುಗ್ಗಲಿನಲ್ಲಿ ಅಳತೆ ಏರುಪೇರಾಗುತ್ತದೆ. ಹಿಂದಿನ ದಿನ ಎಲ್ಲ ಕಂಪ್ಯೂಟರ್‌ಗಳಿಂದ ಒಟ್ಟಿಗೆ ಸಲ್ಲಿಸಿ ತಾಲೀಮು ಮಾಡಿ. ಅದು ಆಗದಿದ್ದರೆ ಆ ತಂತ್ರಾಂಶದ ಗೋಜಿಗೇ ಹೋಗಬೇಡಿ, ಕೈಯಿಂದಲೇ ತೀರ್ಪು ಕೊಡಿ.

---

ಸೊನ್ನೆಒಂದು

ತೀರ್ಪುಫಲಕದವರ ವಿವರಗಳು ಸರಿ, ಆದರೆ ವಾರದ ಕೇಂದ್ರ ಸ್ಪರ್ಧೆಯೇ ಆಗಿಬಿಡುವುದಕ್ಕೆ ನನ್ನ ತಕರಾರಿದೆ. ಸ್ಪರ್ಧೆ ಈಗಾಗಲೇ ಬರುವವರನ್ನು ಮತ್ತೆ ಕರೆಯುತ್ತದೆ, ಹೊಸಬರನ್ನು ತರುವುದು ಕಡಿಮೆ. ಶಾಲೆಯವರಿಗೆ ಬೇಕಿದ್ದರೆ ಬೆಬ್ರಾಸ್ ಮಾದರಿಯ ಒಗಟುಗಳನ್ನು ಕೊಡಿ. 2004ರಲ್ಲಿ ಲಿಥುವೇನಿಯಾದಲ್ಲಿ ಶುರುವಾದದ್ದು. ಪ್ರೋಗ್ರಾಮಿಂಗ್ ಗೊತ್ತಿರಬೇಕಿಲ್ಲ, ಒಂದೊಂದು ಒಗಟಿಗೆ ಮೂರು ನಿಮಿಷ ಸಾಕು, ವಯಸ್ಸಿಗೆ ತಕ್ಕ ಗುಂಪುಗಳಿವೆ.

ಪದವಿಯವರಿಗೆ, ಸ್ಪರ್ಧೆಯಿಲ್ಲದ ಒಂದು ಮಧ್ಯಾಹ್ನ: ಕನ್ನಡ ಅಕ್ಷರ ಕಂಪ್ಯೂಟರ್ ಒಳಗೆ ಹೇಗಿರುತ್ತದೆ? ಪೈಥಾನ್‌ನಲ್ಲಿ ‘ಕ್ಷಮೆ’ ಎಂಬುದರ ಉದ್ದ ಕೇಳಿದರೆ 5 ಎನ್ನುತ್ತದೆ, ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕ, ಒತ್ತಕ್ಷರ ಬೆಸೆಯುವ ವಿರಾಮದ ಗುರುತು (್), ಷ, ಮ, ಎತ್ವದ ಗುರುತು ಹೀಗೆ ಐದು ಯೂನಿಕೋಡ್ ಬಿಂದುಗಳು, ಅಂದರೆ ಒಂದೊಂದು ಗುರುತಿಗೂ ಕೊಟ್ಟಿರುವ ಸಂಖ್ಯೆಗಳು. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ವಿಧಾನದಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 15. ಅದನ್ನು ಹಿಂದುಮುಂದು ಮಾಡಿಸಿದರೆ ಎತ್ವ ಮುಂದೆ ಬಂದು ನೆಲೆಯಿಲ್ಲದೆ ನಿಲ್ಲುತ್ತದೆ. ಪಾಲಿಂಡ್ರೋಮ್ (ಹಿಂದಿನಿಂದ ಓದಿದರೂ ಒಂದೇ ಆಗಿರುವ ಪದ) ಪರೀಕ್ಷಿಸುವ ಪ್ರೋಗ್ರಾಂ ಎಲ್ಲರೂ ಇಂಗ್ಲಿಷ್ ಪದಕ್ಕೆ ಬರೆದಿರುತ್ತಾರೆ; ‘ವಿಕಟಕವಿ’ಗೆ ಓಡಿಸಲು ಹೇಳಿ. ಅಲ್ಲ ಎಂದು ಬರುತ್ತದೆ. ಅದನ್ನು ಸರಿಪಡಿಸಲು, ಪದವನ್ನು ಬಿಂದುಗಳಾಗಿ ಅಲ್ಲದೆ ಕಣ್ಣಿಗೆ ಕಾಣುವ ಪೂರ್ಣ ಅಕ್ಷರಗಳಾಗಿ (ಅಕ್ಷರಗುಚ್ಛಗಳಾಗಿ) ಒಡೆಯುವುದನ್ನು ಕಲಿಯಲೇಬೇಕು.

---

ಲ್ಯಾಬ್‌ಕೀಲಿ

ತಕರಾರು ಒಪ್ಪುತ್ತೇನೆ. ಐದನೇ ದಿನದ ಪ್ರದರ್ಶನದ ಬಗ್ಗೆಯೂ ಒಂದು ಮಾತು: ಬಣ್ಣದ ಚಾರ್ಟ್‌ಗೆ ಅಂಕ ಬೇಡ. ತೀರ್ಪುಗಾರರು ಪ್ರತಿ ಸದಸ್ಯರಿಗೂ ಕೋಡಿನ ಒಂದು ಸಾಲು ತೋರಿಸಿ, ಈ ಸಂಖ್ಯೆ ಬದಲಿಸಿದರೆ ಏನಾಗುತ್ತದೆ ಎಂದು ಕೇಳಿ, ಅಲ್ಲೇ ಬದಲಿಸಿ ಓಡಿಸಲಿ. ಎಲ್ಲಿಂದಲೋ ತಂದ ಪ್ರಾಜೆಕ್ಟ್ ಎರಡೇ ನಿಮಿಷದಲ್ಲಿ ಬಯಲಾಗುತ್ತದೆ. ಕ್ಯಾಮೆರಾ ಇಟ್ಟು ವಸ್ತು ಗುರುತಿಸುವ ಎಐ ಪ್ರಾಜೆಕ್ಟ್ ಬಂದರೆ, ವಸ್ತುವನ್ನು ಬೇರೆ ಗೋಡೆಯ ಮುಂದೆ ಹಿಡಿದು ನೋಡಿ. ಒಂದು ವಸ್ತುವಿನ ಚಿತ್ರಗಳನ್ನೆಲ್ಲ ಒಂದೇ ಜಾಗದಲ್ಲಿ ತೆಗೆದಿದ್ದರೆ ಮಾದರಿ ಕಲಿತಿರುವುದು ಗೋಡೆಯನ್ನು, ವಸ್ತುವನ್ನಲ್ಲ.

ವಾರ ಮುಗಿಯುವ ಮೊದಲೇ ಮುಂದಿನ ವಾರದ ಕ್ಲಬ್ಬಿನ ದಿನ, ಕೊಠಡಿ, ಮೊದಲ ಕೆಲಸ ನೋಟಿಸ್ ಬೋರ್ಡಿಗೆ ಬಂದಿರಲಿ. ಹೆಸರು ಬರೆಸುವ ಹಾಳೆ ಲ್ಯಾಬಿನ ಬಾಗಿಲಲ್ಲೇ, ಪ್ರತಿ ಬ್ಯಾಚ್ ಹೊರಡುವಾಗ. ಕಾರ್ಯಕ್ರಮಕ್ಕೆ ಎಷ್ಟು ಜನ ಬಂದರು ಎಂಬುದನ್ನು ಯಾರು ಬೇಕಾದರೂ ತುಂಬಿಸಬಹುದು, ಪೀರಿಯಡ್ ರದ್ದು ಮಾಡಿದರೆ ಸಾಕು. ಒಂದು ತಿಂಗಳ ನಂತರ ಕ್ಲಬ್ಬಿಗೆ ಎಷ್ಟು ಜನ ಬರುತ್ತಿದ್ದಾರೆ, ಅದರಲ್ಲಿ ಹುಡುಗಿಯರು ಎಷ್ಟು ಎಂಬುದನ್ನು ಎಣಿಸಿ.

---

ಗಣಕಮೇಜು

ಉದ್ಘಾಟನೆ 20 ನಿಮಿಷಕ್ಕೆ ಇಳಿಯಿತು, ಕ್ವಿಜ್ ಹೋಯಿತು. ಒಂದೇ ಕೊನೆಯ ಪ್ರಶ್ನೆ: ನೆಲದ ಸಾರ್ಟಿಂಗ್ ಜಾಲಕ್ಕೆ ಕೆಲವು ಗುಂಪುಗಳಲ್ಲಿ ಐದೇ ಜನ ಇರುತ್ತಾರೆ. ಬೇರೆ ಚಿತ್ರ ಬರೆಯಬೇಕೇ?

---

ಸೊನ್ನೆಒಂದು

ಬೇಡ. 6ನೇ ಗೆರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಸಂಖ್ಯೆ ನಿಂತಿದೆ ಎಂದುಕೊಳ್ಳಿ. ಅದು ಎಂದೂ ಜಾಗ ಬಿಡುವುದಿಲ್ಲ. ಹಾಗಾಗಿ 6ನ್ನು ಮುಟ್ಟುವ ಮೂರು ಪಟ್ಟಿಗಳನ್ನು (1–6, 3–6, 5–6) ಅಳಿಸಿದರೆ ಉಳಿದ 9 ಹೋಲಿಕೆಗಳಲ್ಲಿ ಐವರೂ ಸಾರ್ಟ್ ಆಗುತ್ತಾರೆ. ಐದು ಸಂಖ್ಯೆಗಳ ಜಾಲಕ್ಕೆ ಅದಕ್ಕಿಂತ ಕಡಿಮೆ ಹೋಲಿಕೆ ಸಾಧ್ಯವೂ ಇಲ್ಲ.